ಥೀಸಿಸ್ ಬರೆಯುವವರೇ, ಒಂದು ದಿನದ ಕೆಲಸ ಅಂತ ಯಾವುದನ್ನು ಲೆಕ್ಕ ಹಾಕುತ್ತೀರಿ?

ಕಲ್ಲು ಓದುವವಳು, ಹಾಸನ

ಎಲ್ಲರಿಗೂ ನಮಸ್ಕಾರ. ಇದು ನನ್ನ ಪಿಎಚ್‌ಡಿಯ ಐದನೇ ವರ್ಷ. ಹಾಸನ ಜಿಲ್ಲೆಯ ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಣ್ಣುಮಕ್ಕಳು ಕೊಟ್ಟ ದಾನಗಳ ಬಗ್ಗೆ ನನ್ನ ಕೆಲಸ. ಕೋರ್ಸ್‌ವರ್ಕ್ ಮುಗಿದಿದೆ. ಊರೂರು ತಿರುಗಿ ಫೋಟೊ ತೆಗೆದದ್ದೂ ಮುಗಿದಿದೆ. ಬರೆಯುವುದೊಂದೇ ಬಾಕಿ. ಹಾಸ್ಟೆಲ್ ಖಾಲಿ ಮಾಡಿ ಹಾಸನದ ಮನೆಗೆ ಬಂದು 8 ತಿಂಗಳಾಯಿತು. ಫೆಲೋಶಿಪ್ ಇನ್ನು ಕೆಲವೇ ತಿಂಗಳು. ಕಿರಿಯ ಫೆಲೋಶಿಪ್ (ಜೆಆರ್‌ಎಫ್) 2 ವರ್ಷ, ಹಿರಿಯದು (ಎಸ್‌ಆರ್‌ಎಫ್) 3 ವರ್ಷ, ಅಲ್ಲಿಗೆ ನಿಂತುಹೋಗುತ್ತದೆ. ತಿಂಗಳಿಗೆ 42,000 ರೂಪಾಯಿ ಬರುತ್ತಿದ್ದದ್ದು ಒಂದು ದಿನ ನಿಲ್ಲುತ್ತದೆ ಅಂತ ಮೊದಲಿನಿಂದಲೂ ಗೊತ್ತು. ಆದರೂ ಈಗ ರಾತ್ರಿ ಎಚ್ಚರ ಆದಾಗೆಲ್ಲ ಅದೇ ತಲೆಗೆ ಬರುತ್ತದೆ.

ನಿನ್ನೆ ಊಟಕ್ಕೆ ಕೂತಾಗ ಅಮ್ಮ ಕೇಳಿದರು, "ಇವತ್ತು ಎಷ್ಟು ಪುಟ ಆಯ್ತು?" ಚುಚ್ಚುವುದಕ್ಕೆ ಕೇಳಿದ್ದಲ್ಲ, ದಿನಾ ಕೇಳುತ್ತಾರೆ, ಪ್ರೀತಿಯಿಂದಲೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಗ್ಗೆ 9ಕ್ಕೆ ಕೂತವಳು ಸಂಜೆ 6ಕ್ಕೆ ಎದ್ದಿದ್ದೆ. ಒಂದು ಪುಟವೂ ಆಗಿರಲಿಲ್ಲ. ಆಗಿದ್ದದ್ದು ಒಂದು ಶಾಸನದ ತೇದಿ.

ಇದು ಯಾಕೆ ಅಷ್ಟು ಹೊತ್ತು ಹಿಡಿಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ವರ್ಷ ಶಕ 1039, ಹೇವಿಳಂಬಿ ಸಂವತ್ಸರ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 1117. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1117ರಿಂದ 15 ಸುತ್ತು ಎಣಿಸಿದರೆ 2017, ಆ ವರ್ಷದ ಯುಗಾದಿಗೆ ಶುರುವಾದದ್ದು ಹೇವಿಳಂಬಿಯೇ. ಶಕವೂ ಸಂವತ್ಸರವೂ ಹೀಗೆ ಕೂಡಿ ಬಂದರೆ 5 ನಿಮಿಷದ ಕೆಲಸ. ಆದರೆ ಎಷ್ಟೋ ಕಲ್ಲುಗಳಲ್ಲಿ ಶಕದ ಅಂಕಿ ಒಡೆದು ಹೋಗಿರುತ್ತದೆ. "ಬಲ್ಲಾಳದೇವ" ಅಂತ ಒಂದು ಹೆಸರು, "ಶಾರ್ವರಿ ಸಂವತ್ಸರ" ಅಂತ ಒಂದು ತುಂಡು ಉಳಿದಿದೆ ಅಂದುಕೊಳ್ಳಿ. ಶಾರ್ವರಿ 1180ರಲ್ಲೂ ಬರುತ್ತದೆ, 1300ರಲ್ಲೂ ಬರುತ್ತದೆ. ಮೊದಲನೆಯದು ಇಮ್ಮಡಿ ಬಲ್ಲಾಳನ ಕಾಲ, ಎರಡನೆಯದು ಮುಮ್ಮಡಿ ಬಲ್ಲಾಳನ ಕಾಲ. ನಡುವೆ 120 ವರ್ಷ! ಆಗ ಅಕ್ಷರದ ರೂಪ ನೋಡಬೇಕು, ತಿಥಿಗೂ ವಾರಕ್ಕೂ ಹೊಂದುತ್ತದಾ ನೋಡಬೇಕು, ಕಲ್ಲಿನಲ್ಲಿ ಯಾರಾದರೂ ದಂಡನಾಯಕನ ಹೆಸರಿದ್ದರೆ ಅವನು ಬೇರೆ ಯಾವ ಶಾಸನದಲ್ಲಿ ಬರುತ್ತಾನೆ ಅಂತ ಹುಡುಕಬೇಕು. ನಿನ್ನೆ ನನ್ನ ಮುಂದಿದ್ದದ್ದು ಅಂಥದ್ದೇ ಒಂದು. ಸಂಜೆ ಹೊತ್ತಿಗೆ ಸರಿಹೋಯಿತು. ಥೀಸಿಸ್‌ನಲ್ಲಿ ಅದು ಅರ್ಧ ಸಾಲು.

ಇದರ ಜೊತೆಗೆ ಸಂಖ್ಯೆಗಳ ಕಾಟ ಬೇರೆ. ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ನಮ್ಮ ಹಾಸನ ಜಿಲ್ಲೆಯದು ಐದನೆಯದು, 1902ರದ್ದು. ಆರನೆಯದು ಕಡೂರು ಜಿಲ್ಲೆಯದು, ಅಂದರೆ ಈಗಿನ ಚಿಕ್ಕಮಗಳೂರಿನದು, 1901ರದ್ದು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ತಂದ ಸಂಪುಟಗಳಲ್ಲಿ ಸಂಪುಟದ ಸಂಖ್ಯೆಯೂ ಬೇರೆ, ಶಾಸನದ ಸಂಖ್ಯೆಯೂ ಬೇರೆ. ಹಳೇ ಲೇಖನಗಳೆಲ್ಲ ರೈಸ್ ಸಂಖ್ಯೆ ಕೊಡುತ್ತವೆ. ಒಂದೇ ಕಲ್ಲನ್ನು ಎರಡು ಕಲ್ಲು ಅಂತ ಎಣಿಸಿಬಿಟ್ಟಿದ್ದೆ ಒಂದು ಸಲ. ಅದನ್ನು ಪತ್ತೆ ಹಚ್ಚಿದ ದಿನ ನನ್ನ ಕೋಷ್ಟಕದಲ್ಲಿ ಒಂದು ಸಾಲು ಕಡಿಮೆಯಾಯಿತು. ಅಂದರೆ ಇಡೀ ದಿನ ಕೆಲಸ ಮಾಡಿ ಥೀಸಿಸ್ ಚಿಕ್ಕದಾಯಿತು. ಇದನ್ನು ಮನೆಯಲ್ಲಿ ಹೇಗೆ ಹೇಳುವುದು?

ನನ್ನ ದಿನ ಹೀಗಿದೆ. ಆರಕ್ಕೆ ಏಳುತ್ತೇನೆ. ಅಮ್ಮನ ಜೊತೆ ತಿಂಡಿ ಕೆಲಸ, ನೀರು ಬರುವ ದಿನವಾದರೆ ಅದನ್ನು ಹಿಡಿಯುವುದು. ಒಂಬತ್ತಕ್ಕೆ ಮಹಡಿ ಮೇಲಿನ ಕೋಣೆ. ಹನ್ನೊಂದರ ತನಕ ಚೆನ್ನಾಗಿ ನಡೆಯುತ್ತದೆ. ಆಮೇಲೆ ಗ್ಯಾಸ್ ಬಂತು, ಪಕ್ಕದ ಮನೆಯವರು ಬಂದರು, "ಮನೇಲೇ ಇದ್ದೀಯಲ್ಲ, ಬ್ಯಾಂಕಿಗೆ ಹೋಗಿ ಬಾ". ಮನೇಲೇ ಇದ್ದೀಯಲ್ಲ, ಈ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳುತ್ತೇನೋ! ಅದೇ ನಮ್ಮ ಅಣ್ಣ ಮನೆಯಿಂದಲೇ ಕಂಪನಿ ಕೆಲಸ ಮಾಡುವಾಗ ಕೋಣೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಹಾಸನಾಂಬೆಯ ಬಾಗಿಲು ತೆಗೆದಾಗಂತೂ ನನ್ನ ಕೋಣೆ ನೆಂಟರ ಕೋಣೆ. ವರ್ಷಕ್ಕೊಂದೇ ಸಲ ತಾಯಿಯ ದರ್ಶನ, ಬೆಂಗಳೂರಿನಿಂದ, ಮಂಡ್ಯದಿಂದ ಬರುತ್ತಾರೆ, ಬರಲೇಬೇಕು, ನನಗೂ ಖುಷಿಯೇ. ಆದರೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಇನ್ನೂ ಮುಗಿಲಿಲ್ವಾ?"

ಕೆಲಸದ ಮೇಲೆ ನನಗೆ ಬೇಸರ ಇಲ್ಲ, ಅದನ್ನು ಸ್ಪಷ್ಟ ಹೇಳಿಬಿಡುತ್ತೇನೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀ ದೇವಾಲಯವನ್ನು ಕಟ್ಟಿಸಿದವರಲ್ಲಿ ಕುಲ್ಲಹಣ ರಾಹುತನ ಜೊತೆ ಅವನ ಹೆಂಡತಿ ಸಹಜಾದೇವಿಯ ಹೆಸರೂ ಇದೆ. ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ, ಹೆಸರಿನಲ್ಲೇ ಅಕ್ಕ ಉಳಿದಿದ್ದಾಳೆ ನೋಡಿ. ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿ ಎಲ್ಲರಿಗೂ ಗೊತ್ತು. ಇವರೆಲ್ಲ ದೊಡ್ಡ ಮನೆಯವರು. ನನಗೆ ಬೇಕಾದವರು ಇವರ ಕೆಳಗಿನ ಸಾಲಿನವರು. ಒಂದು ನಂದಾದೀವಿಗೆಗೆ ಎಣ್ಣೆ ಕೊಟ್ಟವಳು, ಹೂವಿನ ಪೂಜೆಗೆ ಅಂತ ಒಂದೆರಡು ಗದ್ಯಾಣ (ಆಗಿನ ಚಿನ್ನದ ನಾಣ್ಯ) ಇಟ್ಟು ಅದರ ಬಡ್ಡಿಯಲ್ಲಿ ನಡೆಸಿ ಅಂದವಳು. ಅವರ ಬಗ್ಗೆ ಇಡೀ ಪ್ರಪಂಚದಲ್ಲಿ ಉಳಿದಿರುವುದು ಆ ಒಂದೇ ಸಾಲು. ಅದನ್ನು ತಪ್ಪು ಓದಿದರೆ ಅವರು ಇಲ್ಲವೇ ಆಗುತ್ತಾರೆ. ಹಾಗಾಗಿ ಅವಸರ ಮಾಡಲು ಮನಸ್ಸು ಬರುವುದಿಲ್ಲ.

ಈಗ ನನ್ನ ಪ್ರಶ್ನೆ. ಪುಟದಲ್ಲಿ ಅಳೆದರೆ ನನ್ನ ದಿನಗಳು ಖಾಲಿ ಕಾಣುತ್ತವೆ. ಗಂಟೆಯಲ್ಲಿ ಅಳೆದರೆ ಸುಮ್ನೆ ಕೂತದ್ದೂ ಲೆಕ್ಕಕ್ಕೆ ಬರುತ್ತದೆ. ನೀವು ಯಾವುದನ್ನು ಲೆಕ್ಕ ಹಾಕುತ್ತೀರಿ? ರಾತ್ರಿ ಮಲಗುವಾಗ "ಇವತ್ತಿನದು ಆಯಿತು" ಅಂತ ಅನಿಸಬೇಕಾದರೆ ಏನಾಗಿರಬೇಕು?


ಕಾಂಡಕೊರಕ, ಚಿಕ್ಕಮಗಳೂರು

ನಿಮ್ಮ ಬರಹ ಓದಿ ಸಮಾಧಾನ ಆಯಿತು, ನಾನೊಬ್ಬನೇ ಅಲ್ಲ ಅಂತ. ನನ್ನದು ಕಾಫಿಯ ಬಿಳಿ ಕಾಂಡಕೊರಕದ ಮೇಲೆ. ಹೆಸರನ್ನೂ ಅದರದ್ದೇ ಇಟ್ಟುಕೊಂಡಿದ್ದೇನೆ, ನಾಲ್ಕು ವರ್ಷ ಅದರ ಹಿಂದೆಯೇ ಇದ್ದೇನಲ್ಲ.

ನನಗೆ ಕಲ್ಲಿನ ಬದಲು ಗಿಡ. ಈ ದುಂಬಿ ಅರೇಬಿಕಾ ಗಿಡಕ್ಕೆ ಬರುತ್ತದೆ, ರೊಬಸ್ಟಾದವರಿಗೆ ಇದರ ಕಾಟ ಇಲ್ಲ. ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತದೆ, ಹುಳ ಒಳಗೆ ಸೇರಿ ಕಾಂಡ ಕೊರೆಯುತ್ತದೆ, ಹೊರಗೆ ತೊಗಟೆ ಮೇಲೆ ಏಣು ಎದ್ದ ಹಾಗೆ ಕಾಣುತ್ತದೆ. ಅದನ್ನು ಕೈಯಲ್ಲಿ ಸವರಿ ಸವರಿ ಗುರುತು ಹಿಡಿಯಬೇಕು. ದುಂಬಿ ಹೊರಗೆ ಬಂದು ಹಾರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಒಂದು, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು. ಆ ತಿಂಗಳುಗಳಲ್ಲಿ ನನಗೆ ಭಾನುವಾರವಿಲ್ಲ, ಹಬ್ಬವಿಲ್ಲ. ನೆರಳು ಕಡಿಮೆ ಇರುವ, ಬಿಸಿಲು ಬೀಳುವ ಜಾಗದಲ್ಲಿ ಅದು ಜಾಸ್ತಿ. ನೆರಳಿನ ಅಳತೆ, ಗಿಡದ ವಯಸ್ಸು, ಏಣು ಇದೆಯಾ ಇಲ್ಲವಾ, ಇಷ್ಟನ್ನು ಗಿಡ ಗಿಡಕ್ಕೂ ಬರೆದುಕೊಳ್ಳುವುದು. ಒಂದು ಹಾರಾಟ ತಪ್ಪಿದರೆ ಮುಂದಿನದಕ್ಕೆ ಆರು ತಿಂಗಳು ಕಾಯಬೇಕು.

ಹಾಗೆ ಒಂದು ಸಲ ತಪ್ಪಿತು. ನಾನು ಲೆಕ್ಕ ಇಡುತ್ತಿದ್ದ ತೋಟದ ಪಕ್ಕ ಆನೆ ಬಂದಿದೆ ಅಂತ ಬೆಳಗ್ಗೆ ಫೋನ್ ಬಂತು. ಒಂದು ದಿನ ಅಂದುಕೊಂಡೆ, ಹನ್ನೊಂದು ದಿನ ಒಳಗೆ ಕಾಲಿಡಲು ಆಗಲಿಲ್ಲ. ಕೂಲಿಗೆ ಬರುವವರು ಜೀವ ಕೈಯಲ್ಲಿ ಹಿಡಿದು ಓಡಾಡುವ ಜಾಗದಲ್ಲಿ ನನ್ನ ಕೋಷ್ಟಕ ಖಾಲಿ ಉಳಿಯಿತು ಅಂತ ಯಾರ ಹತ್ತಿರ ದೂರುವುದು? ಗೈಡ್ ಒಂದೇ ಮಾತು ಹೇಳಿದರು. ಖಾಲಿ ಇದ್ದದ್ದನ್ನು ಖಾಲಿ ಅಂತಲೇ ಬರಿ, ಕಾರಣವನ್ನೂ ಬರಿ. ಅದು ಈಗ ನನ್ನ ಎರಡನೇ ಅಧ್ಯಾಯದಲ್ಲಿ ಒಂದು ಪ್ಯಾರಾ.

ಬರೆಯುವ ಕೆಲಸ ನನಗೆ ಜೂನ್‌ನಿಂದ ಆಗಸ್ಟ್. ಮಳೆಗೆ ತೋಟಕ್ಕೆ ಹೋಗುವ ಹಾಗಿಲ್ಲ. ಕರೆಂಟು ಹೋದರೆ ಎರಡು ದಿನ ಬಾರದ್ದೂ ಇದೆ. ಅದಕ್ಕೆ ಮೊದಲ ಪ್ರತಿಯನ್ನು ಕೈಯಲ್ಲೇ ಬರೆಯುತ್ತೇನೆ, ಕರೆಂಟು ಬಂದಾಗ ಟೈಪ್. ಇದು ನಿಧಾನ, ಆದರೆ ಕೈಯಲ್ಲಿ ಬರೆದದ್ದು ಟೈಪ್ ಮಾಡುವಾಗ ಇನ್ನೊಂದು ಸಲ ತಿದ್ದಿದ ಹಾಗೆ ಆಗುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ: ತೋಟದ ದಿನ ಗಿಡದ ಲೆಕ್ಕ. 150 ಗಿಡ ನೋಡಿದರೆ ಆ ದಿನ ಆಯಿತು. ಮಳೆಗಾಲದಲ್ಲಿ ಚಿತ್ರದ ಲೆಕ್ಕ. ಒಂದು ನಕ್ಷೆಯನ್ನೋ ಒಂದು ಕೋಷ್ಟಕವನ್ನೋ ಎದುರಿಗಿಟ್ಟು, ಅದು ಏನು ಹೇಳುತ್ತದೆ ಅಂತ ನಾಲ್ಕು ಸಾಲು ಬರೆದರೆ ಸಾಕು.


ಡಿಟಿಪಿ ಅಂಗಡಿ, ಹಾಸನ

ನಾನು ಥೀಸಿಸ್ ಬರೆದವನಲ್ಲ, ಬೇರೆಯವರದ್ದನ್ನು ಟೈಪ್ ಮಾಡಿ ಕೊಡುವವನು. ಹದಿನೈದು ವರ್ಷದಿಂದ ಇದೇ ಕೆಲಸ. ಒಂದು ವಿಷಯ ಹೇಳದೆ ಇರಲಾರೆ, ಯಾಕೆಂದರೆ ಇದರಲ್ಲಿ ಎಷ್ಟೋ ಜನ ಕೊನೇ ತಿಂಗಳಲ್ಲಿ ಅಳುವುದನ್ನು ನೋಡಿದ್ದೇನೆ.

ಕನ್ನಡ ಥೀಸಿಸ್ ಅನ್ನು ಹಳೇ ನುಡಿ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಬರೆಯಬೇಡಿ. ಆ ಫಾಂಟಿನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕೃತಿಚೌರ್ಯ ನೋಡುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಆಗಿ ಕಾಣುತ್ತದೆ. ಥೀಸಿಸ್‌ಗಳನ್ನು ಇಡುವ ಜಾಲತಾಣ ಶೋಧಗಂಗಾಕ್ಕೆ ಹಾಕಿದರೂ ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ. ಕೊನೆಗೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿ ಅನ್ನುತ್ತಾರೆ. ಬದಲಾಯಿಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭ, ಆದರೆ ಆಮೇಲೆ ಇದೆ ಕಷ್ಟ. ಅರ್ಕಾವೊತ್ತು ಜಾಗ ಬಿಟ್ಟು ಓಡುತ್ತದೆ. ಒತ್ತಕ್ಷರ ಕೈಕೊಡುತ್ತದೆ. ನಡುನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡಕ್ಕೆ ತಿರುಗಿ ಓದಲಾಗದ ಅಕ್ಷರ ಆಗುತ್ತದೆ. 300 ಪುಟದಲ್ಲಿ ಇದನ್ನೆಲ್ಲ ಕಣ್ಣಿನಲ್ಲೇ ಹುಡುಕಬೇಕು.

ಈಗಾಗಲೇ ಹಳೇ ಫಾಂಟಿನಲ್ಲಿ ಬರೆದವರು ಒಂದೊಂದೇ ಅಧ್ಯಾಯ ಬದಲಾಯಿಸಿ ಆಗಲೇ ತಿದ್ದಿಕೊಳ್ಳಿ. ಎಲ್ಲ ಒಟ್ಟಿಗೆ ಕೊನೆಗೆ ಇಟ್ಟುಕೊಳ್ಳಬೇಡಿ. ಶಾಸನದ ಕೆಲಸ ಮಾಡುವ ಅಕ್ಕನಿಗೆ ಇನ್ನೊಂದು ಮಾತು, ಹಳಗನ್ನಡದ ಱ ಮತ್ತು ೞ ಎರಡೂ ಯೂನಿಕೋಡ್‌ನಲ್ಲಿ ಇವೆ. ಮೊದಲು ಇವನ್ನು ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿ ಅಂಟಿಸುತ್ತಿದ್ದೆವು. ಈಗ ಹಾಗೆ ಮಾಡಬೇಕಾಗಿಲ್ಲ. ಆದರೆ ನೀವು ಆರಿಸಿದ ಫಾಂಟಿನಲ್ಲಿ ಎರಡೂ ಸರಿಯಾಗಿ ಮೂಡುತ್ತವಾ ಅಂತ ಮೊದಲೇ ಒಂದು ಪುಟ ಮುದ್ರಿಸಿ ನೋಡಿ.

ನನ್ನ ಲೆಕ್ಕ ಕೇಳಿದರೆ, ತಪ್ಪಿಲ್ಲದ 12 ಪುಟ ಒಂದು ದಿನ. ಶಾಸನದ ಪಾಠ ಇದ್ದರೆ ನಾಲ್ಕು.


ಕಲ್ಲು ಓದುವವಳು, ಹಾಸನ

ಡಿಟಿಪಿ ಅಣ್ಣಾ, ನನ್ನ ಮೊದಲ ಎರಡು ಅಧ್ಯಾಯ ಹಳೇ ನುಡಿಯಲ್ಲೇ ಇವೆ. ನಿಮ್ಮ ಮಾತು ಓದಿದ ಕೂಡಲೇ ಒಂದನ್ನು ಬದಲಾಯಿಸಿ ನೋಡಿದೆ. ನೀವು ಹೇಳಿದಂತೆಯೇ ಆಗಿದೆ. "ಕೀರ್ತಿ", "ಧರ್ಮ" ಎಲ್ಲ ಮುರಿದು ಬಿದ್ದಿವೆ, ಅದೂ ದಾನಶಾಸನದಲ್ಲಿ ಧರ್ಮ ಇಲ್ಲದ ಸಾಲೇ ಇಲ್ಲ. ಈ ವಾರ ಅದೇ ಕೆಲಸ.

ಇನ್ನೊಂದು ಭಯ ಇತ್ತು. ಶಾಸನದ ಪಾಠವನ್ನು ಅಕ್ಷರಶಃ ಕೊಡಬೇಕಲ್ಲ, ಬೇರೆ ಬರಹಗಳ ಜೊತೆ ಹೋಲಿಕೆ ಶೇಕಡಾ 10 ದಾಟಿದರೆ ಏನು ಗತಿ ಅಂತ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮವನ್ನು ಕೂತು ಓದಿದೆ. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ ಇವು ಲೆಕ್ಕಕ್ಕೆ ಬರುವುದಿಲ್ಲ. ಶೇಕಡಾ 10ರವರೆಗೆ ದಂಡವಿಲ್ಲ, 10ರಿಂದ 40 ಆದರೆ ತಿದ್ದಿ ಮತ್ತೆ ಕೊಡಬೇಕು. ಹಾಗಾಗಿ ಉದ್ಧರಣೆ ಚಿಹ್ನೆ, ಅಡಿಟಿಪ್ಪಣಿ ಎರಡೂ ಸರಿಯಾಗಿರಬೇಕು ಅಷ್ಟೇ. ಯಾರಿಗಾದರೂ ಬೇಕಾಗಬಹುದು ಅಂತ ಬರೆದೆ.

ಕಾಂಡಕೊರಕ ಅವರೇ, ಖಾಲಿ ಇದ್ದದ್ದನ್ನು ಖಾಲಿ ಅಂತಲೇ ಬರಿ ಅನ್ನುವ ಮಾತು ನನ್ನ ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ. ಓದಲಾಗದ ಅಕ್ಷರಕ್ಕೆ ನಾವು ಚುಕ್ಕೆ ಇಡುತ್ತೇವೆ. ಊಹಿಸಿ ತುಂಬಿಸಬೇಕು ಅಂತ ಎಷ್ಟು ಆಸೆ ಆಗುತ್ತದೆ ಗೊತ್ತಾ!


ನಸುಕಿನವಳು, ಕಡೂರು

ನಾನು ಪಾರ್ಟ್ ಟೈಮ್. ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಮೂರು ವರ್ಷದ ಮಗಳಿದ್ದಾಳೆ. ವಿಷಯ ಸಮಾಜಶಾಸ್ತ್ರ.

ನನ್ನ ದಿನದಲ್ಲಿ ಥೀಸಿಸ್‌ಗೆ ಸಿಗುವುದು ಬೆಳಗಿನ ಜಾವ 4.30ರಿಂದ 6.30. ಮಗಳು ಎದ್ದಳು ಅಂದರೆ ಮುಗಿಯಿತು. ಮೊದಲು ರಾತ್ರಿ ಬರೆಯಲು ನೋಡಿದೆ. ಪಾಠ ಮಾಡಿ, ಬಸ್ಸಲ್ಲಿ ನಿಂತು ಬಂದು, ಅಡುಗೆ ಮುಗಿಸಿ ಕೂತರೆ ಒಂದೇ ಸಾಲನ್ನು ಹತ್ತು ಸಲ ಓದುತ್ತಿದ್ದೆ, ತಲೆಗೆ ಹೋಗುತ್ತಿರಲಿಲ್ಲ. ಈಗ ಒಂಬತ್ತಕ್ಕೆ ಮಗಳ ಜೊತೆಯೇ ಮಲಗುತ್ತೇನೆ. ಅತ್ತೆಗೆ ಮೊದಲು ಇದು ಸರಿ ಕಾಣಲಿಲ್ಲ. ಒಂದು ದಿನ ನಾಲ್ಕೂವರೆಗೆ ಅವರಿಗೂ ಎಚ್ಚರ ಆಗಿ, ನಾನು ಕಂಬಳಿ ಹೊದ್ದು ಅಡುಗೆಮನೆ ಮೇಜಿನ ಮುಂದೆ ಕೂತಿದ್ದನ್ನು ನೋಡಿದರು. ಏನೂ ಹೇಳಲಿಲ್ಲ. ಮಾರನೇ ದಿನದಿಂದ ಫ್ಲಾಸ್ಕಿನಲ್ಲಿ ಕಾಫಿ ಇಟ್ಟು ಮಲಗುತ್ತಾರೆ.

ಎರಡು ಗಂಟೆಯಲ್ಲಿ ಏನಾಗುತ್ತದೆ ಅಂತ ಕೇಳುತ್ತಾರೆ. ಆಗುತ್ತದೆ, ಒಂದು ಷರತ್ತಿನ ಮೇಲೆ. ಹಿಂದಿನ ದಿನವೇ ನಾಳೆ ಎಲ್ಲಿಂದ ಶುರು ಮಾಡಬೇಕು ಅಂತ ಒಂದು ಸಾಲು ಬರೆದಿಟ್ಟು ಏಳಬೇಕು. "ಮೂರನೇ ಸಂದರ್ಶನದಲ್ಲಿ ಕೂಲಿಯ ಮಾತು ಬರುವ ಕಡೆಯಿಂದ", ಇಷ್ಟು ಸಾಕು. ಇದಿಲ್ಲದ ದಿನ ಎಲ್ಲಿದ್ದೆ ಅಂತ ಹುಡುಕುವುದರಲ್ಲೇ 45 ನಿಮಿಷ ಹೋಗುತ್ತದೆ.

ಹೆಣ್ಣುಮಕ್ಕಳಿಗೆ ನಿಯಮದಲ್ಲಿ ಏನಿದೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ, ನನಗೂ ಯಾರೂ ಹೇಳಿರಲಿಲ್ಲ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು. ಹೆಣ್ಣುಮಕ್ಕಳಿಗೂ ಶೇಕಡಾ 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆ 2 ವರ್ಷ, ಒಟ್ಟು 10 ವರ್ಷ ಮೀರಬಾರದು. ಹೆರಿಗೆ ಮತ್ತು ಮಗುವಿನ ಆರೈಕೆಗೆ ಇಡೀ ಪಿಎಚ್‌ಡಿ ಅವಧಿಯಲ್ಲಿ 240 ದಿನದವರೆಗೆ ರಜೆ ಇದೆ. ನಾನು ಬಾಣಂತನದಲ್ಲಿ ರಜೆ ಕೇಳಲೇ ಇಲ್ಲ. ಕೇಳಿದರೆ ನೋಂದಣಿ ಹೋಗುತ್ತದೆ ಅಂತ ಯಾರೋ ಹೆದರಿಸಿದ್ದರು. 40 ದಿನದ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಪ್ರಗತಿ ವರದಿ ಬರೆದೆ. ನೀವು ಹಾಗೆ ಮಾಡಬೇಡಿ. ನಿಮ್ಮ ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಬರೆದು ಕೊಟ್ಟು ಕೇಳಿ.

ಅತಿಥಿ ಉಪನ್ಯಾಸಕರ ಸಂಬಳ ಯಾವ ತಿಂಗಳು ಬರುತ್ತದೆ ಅಂತ ಇಲ್ಲಿ ಬರೆದರೆ ಈ ಚರ್ಚೆ ಬೇರೆ ಕಡೆ ಹೋಗುತ್ತದೆ. ಬಿಡಿ.

ನನ್ನ ಲೆಕ್ಕ: ನಾಳೆಯ ಸಾಲು ಬರೆದಿಟ್ಟು ಎದ್ದರೆ ಆ ದಿನ ಆಯಿತು.


ವೈವಾ ಮುಗಿಸಿದವನು, ಸಕಲೇಶಪುರ

ಕಳೆದ ವರ್ಷ ವೈವಾ, ಅಂದರೆ ಪರೀಕ್ಷಕರ ಮುಂದಿನ ಮೌಖಿಕ ಪರೀಕ್ಷೆ, ಮುಗಿಸಿದೆ. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಲ್ಲು ಓದುವವರೇ, ನಿಮ್ಮ ಶ್ರದ್ಧೆಗೆ ಕೈ ಮುಗಿಯುತ್ತೇನೆ. ಆದರೆ ಒಂದು ತೇದಿಗೆ ಒಂದು ದಿನ ಅಂತ ನಡೆಸಿದರೆ ಫೆಲೋಶಿಪ್ ನಿಂತ ಮೇಲೂ ನೀವು ಮೂರನೇ ಅಧ್ಯಾಯದಲ್ಲೇ ಇರುತ್ತೀರಿ. ನಾನು ಇದ್ದೆ. ಒಂದೂವರೆ ವರ್ಷ ಪೀಠಿಕೆಯನ್ನೇ ಬರೆದು ಬರೆದು ಹರಿದೆ. ಆಮೇಲೆ ಒಬ್ಬ ಹಿರಿಯ ಗೆಳೆಯ ಬಂದು ಪೀಠಿಕೆಯ ಕಡತವನ್ನೇ ನನ್ನ ಕಂಪ್ಯೂಟರಿನಿಂದ ತೆಗೆದು ತನ್ನ ಹತ್ತಿರ ಇಟ್ಟುಕೊಂಡ. ಬೇರೆಲ್ಲ ಅಧ್ಯಾಯ ಮುಗಿದ ಮೇಲೆ ಕೊಡುತ್ತೇನೆ ಅಂದ. ಏಳು ತಿಂಗಳಲ್ಲಿ ನಾಲ್ಕು ಅಧ್ಯಾಯ ಆಯಿತು. ವಾಪಸ್ ಕೊಟ್ಟಾಗ ಓದಿದರೆ ಅದರಲ್ಲಿ ಹೇಳಿದ್ದ ಅರ್ಧ ಮಾತು ನನ್ನ ಅಧ್ಯಾಯಗಳಲ್ಲಿ ಇರಲೇ ಇಲ್ಲ. ಹೊಸದಾಗಿ ಆರು ದಿನದಲ್ಲಿ ಬರೆದೆ.

ಸಂಶಯ ಇರುವ ತೇದಿಗೆ "1180 ಅಥವಾ 1300" ಅಂತ ಬರೆದು, ಕಾರಣವನ್ನು ಅಡಿಟಿಪ್ಪಣಿಯಲ್ಲಿ ಹಾಕಿ ಮುಂದೆ ಹೋಗಿ. ಅದು ಸೋಲಲ್ಲ. ಇನ್ನೊಬ್ಬರು ಮುಂದುವರಿಸಲು ಬಿಟ್ಟ ಜಾಗ ಅದು. ನನ್ನ ವೈವಾದಲ್ಲಿ ಪರೀಕ್ಷಕರು ಅತಿ ಹೆಚ್ಚು ಹೊತ್ತು ಮಾತಾಡಿದ್ದು ನಾನು ಗೊತ್ತಿಲ್ಲ ಅಂತ ಬರೆದಿದ್ದ ಎರಡು ಜಾಗದ ಬಗ್ಗೆ.

ಕೊನೆಯ ಎರಡು ತಿಂಗಳಿಗೆ ಈಗಲೇ ಜಾಗ ಇಟ್ಟುಕೊಳ್ಳಿ. ಸಲ್ಲಿಕೆಗೆ ಮುಂಚಿನ ಮಂಡನೆ, ಹೋಲಿಕೆಯ ಪ್ರಮಾಣಪತ್ರ, ಗೈಡ್ ಸಹಿ, ಬಾಕಿ ಇಲ್ಲ ಅಂತ ಲೈಬ್ರರಿಯಿಂದ, ಹಾಸ್ಟೆಲಿನಿಂದ ಚೀಟಿ, ಬೈಂಡಿಂಗ್. ಒಂದೊಂದು ಸಹಿಗೆ ಒಂದೊಂದು ಬಸ್ ಪ್ರಯಾಣ. ನನಗೆ ಒಂದು ಚೀಟಿಗೆ ಐದು ಸಲ ಹೋಗಬೇಕಾಯಿತು, ಹಾಸ್ಟೆಲಿನ ಬಕೆಟ್ ವಾಪಸ್ ಕೊಟ್ಟದ್ದು ಪುಸ್ತಕದಲ್ಲಿ ಬರೆದಿರಲಿಲ್ಲ ಅಂತ. ಆಮೇಲೂ ಕಾಯಬೇಕು. ಹೊರಗಿನ ಪರೀಕ್ಷಕರು ಕನಿಷ್ಠ ಇಬ್ಬರು ಓದಿ ವರದಿ ಕಳಿಸಬೇಕು.


ಕಲ್ಲು ಓದುವವಳು, ಹಾಸನ

ಬೇಸರ ಇಲ್ಲ ಸರ್. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ, ಯಾಕೆಂದರೆ ನಾನು ನಿಜಕ್ಕೂ ಮೂರನೇ ಅಧ್ಯಾಯದಲ್ಲೇ ಇದ್ದೇನೆ.

ಒಂದು ಕಡೆ ಮಾತ್ರ ನಿಮ್ಮ ಮಾತು ಒಪ್ಪಲಾರೆ. ತೇದಿಗೆ "ಅಥವಾ" ಹಾಕಬಹುದು. ಹೆಸರಿಗೆ ಹಾಕಲು ನನ್ನಿಂದ ಆಗುವುದಿಲ್ಲ. ಹೆಸರಿಗೆ ಎಷ್ಟು ದಿನ ಬೇಕೋ ಅಷ್ಟು ಕೊಡುತ್ತೇನೆ. ಉಳಿದದ್ದಕ್ಕೆ ನೀವು ಹೇಳಿದ ಹಾಗೆ ಅಡಿಟಿಪ್ಪಣಿ.


ಆಲೂಗಡ್ಡೆ ಬೆಳೆಯುವವನು, ಅರಕಲಗೂಡು

ನಾನು ಓದಿದ್ದು ಹತ್ತನೇ ಕ್ಲಾಸು. ಮಗ ಪಿಎಚ್‌ಡಿ ಮಾಡುತ್ತಿದ್ದಾನೆ. ಅವನೇ ಈ ಚರ್ಚೆ ತೋರಿಸಿದ. ತೋರಿಸಿ ಏನೂ ಹೇಳದೆ ಹೊರಗೆ ಹೋದ. ಅಂದರೆ ನನಗೆ ಓದಿಸಬೇಕು ಅಂತಲೇ ಇತ್ತು ಅಂತ ಕಾಣುತ್ತದೆ.

ಆ ಅಮ್ಮ ಕೇಳಿದ್ದನ್ನೇ ನಾನೂ ದಿನಾ ಕೇಳುತ್ತೇನೆ. ಎಷ್ಟು ಆಯ್ತಪ್ಪಾ, ಇನ್ನು ಎಷ್ಟಿದೆ. ಕೇಳದೆ ಇದ್ದರೆ ಇವರಿಗೆ ನನ್ನ ಓದಿನ ಮೇಲೆ ಆಸಕ್ತಿ ಇಲ್ಲ ಅಂದುಕೊಳ್ಳುತ್ತಾನೆ ಅಂತ ಕೇಳುತ್ತಿದ್ದೆ. ನಾವು ಬಿತ್ತನೆ ಗಡ್ಡೆ ಇಟ್ಟ ಮೇಲೆ ಸುಮಾರು 90 ದಿನ ನೆಲದೊಳಗೆ ಎಷ್ಟು ಕಟ್ಟಿದೆ ಅಂತ ಕಾಣುವುದಿಲ್ಲ. ಅಗೆದು ನೋಡುವ ಹಾಗೂ ಇಲ್ಲ. ಆದರೆ ಎಲೆ ನೋಡಿದರೆ ಗೊತ್ತಾಗುತ್ತದೆ, ಮೋಡ ಕವಿದು ಹನಿ ಬಿದ್ದರೆ ಅಂಗಮಾರಿ ಬಂತಾ ಅಂತ ಬೆಳಗ್ಗೆ ಎದ್ದು ಎಲೆ ತಿರುವಿ ನೋಡುತ್ತೇವೆ. ನನ್ನ ಪ್ರಶ್ನೆ ಏನೆಂದರೆ, ಮಗನ ಕೆಲಸದಲ್ಲಿ ನಾನು ನೋಡಬೇಕಾದ ಎಲೆ ಯಾವುದು? ಪುಟ ಕೇಳಬಾರದು ಅಂದರೆ ಏನು ಕೇಳಬೇಕು? ತಿಳಿದವರು ಹೇಳಿ.


ನಸುಕಿನವಳು, ಕಡೂರು

ಯಜಮಾನರೇ, ಊಟ ಸೇರುತ್ತಾ, ರಾತ್ರಿ ನಿದ್ದೆ ಬರುತ್ತಾ, ಗೆಳೆಯರ ಫೋನ್ ಎತ್ತುತ್ತಾನಾ, ಇವು ಮೂರೇ ನೋಡಿ. ಮೂರೂ ಒಟ್ಟಿಗೆ ನಿಂತರೆ ಥೀಸಿಸ್ ಮಾತು ಬಿಟ್ಟು ಅವನ ಜೊತೆ ಕೂತುಕೊಳ್ಳಿ. ಬೇಕಾದರೆ ವೈದ್ಯರ ಹತ್ತಿರವೂ ಕರೆದುಕೊಂಡು ಹೋಗಿ. ನನ್ನ ಜೊತೆ ನೋಂದಣಿ ಮಾಡಿಸಿದ ಒಬ್ಬರಿಗೆ ಹಾಗಾದಾಗ ಮನೆಯವರಿಗೆ ಒಂದು ವರ್ಷ ಗೊತ್ತೇ ಆಗಲಿಲ್ಲ, ಓದುತ್ತಿದ್ದಾಳೆ ಅಂದುಕೊಂಡಿದ್ದರು.


ಕಾಂಡಕೊರಕ, ಚಿಕ್ಕಮಗಳೂರು

ನಮ್ಮ ಅಪ್ಪ ಒಂದು ದಿನ ನನ್ನ ಜೊತೆ ತೋಟಕ್ಕೆ ಬಂದು ಸಂಜೆ ತನಕ ಗಿಡ ಎಣಿಸಿದರು. ಅಂದಿನಿಂದ ಯಾವಾಗ ಮುಗಿಯುತ್ತದೆ ಅಂತ ಕೇಳಿಲ್ಲ. ಬಂದವರಿಗೆ ಅವರೇ ವಿವರಿಸುತ್ತಾರೆ, ನನಗಿಂತ ಚೆನ್ನಾಗಿ.


ಕಲ್ಲು ಓದುವವಳು, ಹಾಸನ

ಅಪ್ಪಾಜಿ, ನಿಮ್ಮ ಪ್ರಶ್ನೆಯನ್ನು ನಾನು ಅಮ್ಮನಿಗೆ ಓದಿ ಹೇಳಿದೆ. ನನಗೆ ತೋಚಿದ್ದು ಇಷ್ಟು. "ಎಷ್ಟು" ಅಂತ ಕೇಳಿದರೆ ನಾವು ಎಣಿಸಲು ಶುರು ಮಾಡುತ್ತೇವೆ, ಎಣಿಸಿದರೆ ಕಡಿಮೆ ಕಾಣುತ್ತದೆ. "ಏನು ಸಿಕ್ಕಿತು" ಅಂತ ಕೇಳಿ. ಏನೂ ಸಿಗದ ದಿನ ಏನು ಹುಡುಕಿದೆ ಅಂತ ಹೇಳುತ್ತಾನೆ. ಅದನ್ನು ಹೇಳುವಾಗಲೇ ಎಷ್ಟೋ ಸಲ ದಾರಿ ಸಿಗುತ್ತದೆ.

ಕಾಂಡಕೊರಕ ಅವರ ಅಪ್ಪನ ಕಥೆ ಕೇಳಿ ಅಮ್ಮ "ನಾನೂ ಬರ್ತೀನಿ" ಅಂದರು. ಶನಿವಾರ ಇಬ್ಬರೂ ದೊಡ್ಡಗದ್ದವಳ್ಳಿಗೆ ಹೋಗುತ್ತೇವೆ.


ಕಲ್ಲು ಓದುವವಳು, ಹಾಸನ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಉತ್ತರ ಕೊಡಲಾಗಲಿಲ್ಲ, ಕ್ಷಮಿಸಿ.

ಒಂದು 200 ಪುಟದ ನೋಟ್‌ಬುಕ್ ತಂದೆ. ರಾತ್ರಿ ಎರಡೇ ಸಾಲು. ಇವತ್ತು ಏನು ತೀರ್ಮಾನ ಆಯಿತು, ನಾಳೆ ಎಲ್ಲಿಂದ ಶುರು. ಕೆಲವು ದಿನದ್ದು ಇಲ್ಲಿ ಹಾಕುತ್ತೇನೆ. "ಸೋಮವಾರ, ಒಂದನೇ ಅಧ್ಯಾಯದ ಅರ್ಕಾವೊತ್ತು ತಿದ್ದಿದ್ದು ಮುಗಿಯಿತು." "ಬುಧವಾರ, ಎರಡು ಸಂಪುಟದಲ್ಲಿ ಎರಡೆರಡು ಸಂಖ್ಯೆ ಇದ್ದ ಮೂರು ಶಾಸನಗಳಲ್ಲಿ ಪ್ರತಿಯೊಂದೂ ಒಂದೇ ಕಲ್ಲು ಅಂತ ಖಚಿತ." "ಗುರುವಾರ, ನೆಂಟರು. ಏನೂ ಇಲ್ಲ." ಏನೂ ಇಲ್ಲ ಅಂತ ಬರೆದದ್ದು ನೋಡಿದರೆ ಮೊದಲಿನಷ್ಟು ಭಯ ಆಗುವುದಿಲ್ಲ, ಹಿಂದೆ ಮುಂದೆ ಏನೇನು ಇದೆ ಅಂತ ಕಾಣುತ್ತದಲ್ಲ. ಮಧ್ಯಾಹ್ನ ಎರಡರ ತನಕ ಬ್ಯಾಂಕು, ಗ್ಯಾಸು ಅಂತ ಕರೆಯುವ ಹಾಗಿಲ್ಲ ಅಂತ ಮನೆಯಲ್ಲಿ ಮಾತಾಗಿದೆ. ಅಣ್ಣನೇ ಮುಂದೆ ನಿಂತು ಹೇಳಿದ.

ದೊಡ್ಡಗದ್ದವಳ್ಳಿಯಲ್ಲಿ ಅಮ್ಮ ತುಂಬ ಹೊತ್ತು ಇದ್ದರು. ನಾಲ್ಕು ಗರ್ಭಗುಡಿಯನ್ನೂ ಸುತ್ತಿ ಬಂದು ಶಾಸನದ ಕಲ್ಲಿನ ಮುಂದೆ ನಿಂತರು. ಸಹಜಾದೇವಿ ಅಂತ ಎಲ್ಲಿದೆ ತೋರಿಸು ಅಂದರು. ತೋರಿಸಿದೆ. ಅಕ್ಷರ ಗುರುತು ಸಿಗಲಿಲ್ಲ ಅವರಿಗೆ, ಕೈ ಮಾತ್ರ ಆ ಸಾಲಿನ ಹತ್ತಿರ ಹಿಡಿದುಕೊಂಡು ನಿಂತಿದ್ದರು, ಮುಟ್ಟಲಿಲ್ಲ.

ಮೂರನೇ ಅಧ್ಯಾಯ ಸೋಮವಾರ ಗೈಡ್‌ಗೆ ಹೋಗುತ್ತದೆ. ಅದರಲ್ಲಿ ನಾಲ್ಕು ಕಡೆ "ಅಥವಾ" ಇದೆ.

ನಿನ್ನೆ ಊಟಕ್ಕೆ ಕೂತಾಗ ಅಮ್ಮ ಕೇಳಿದರು, "ಇವತ್ತು ಯಾರು ಸಿಕ್ಕಿದ್ರು?" ಒಬ್ಬಳು ಸಿಕ್ಕಿದ್ದಳು. ದೀಪಕ್ಕೆ ಎಣ್ಣೆ ಕೊಟ್ಟವಳು. ಹೆಸರಿನಲ್ಲಿ ಮೊದಲ ಎರಡು ಅಕ್ಷರ ಉಳಿದಿವೆ, ಆಮೇಲೆ ಚುಕ್ಕೆ. ಎರಡು ಅಕ್ಷರವನ್ನೇ ಹೇಳಿದೆ. ಅಮ್ಮ ಅದಕ್ಕೆ ಹೊಂದುವ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು, ನಮ್ಮ ಅಜ್ಜಿಯರ ಕಾಲದ ಹೆಸರುಗಳು. ಎದ್ದು ನೋಟ್‌ಬುಕ್ ತಂದು ಎಲ್ಲವನ್ನೂ ಬರೆದುಕೊಂಡೆ.